ಅಬ್ಸಿಡಿಯನ್‌ಗೆ ನಿಮ್ಮದೇ ಪ್ಲಗಿನ್: ಖಾಲಿ ಫೋಲ್ಡರ್‌ನಿಂದ ಮೊದಲ ಬಿಡುಗಡೆಯವರೆಗೆ

ಅಬ್ಸಿಡಿಯನ್ ಎಂಬ ಟಿಪ್ಪಣಿ ಬರೆಯುವ ಆ್ಯಪ್‌ಗೆ ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ) ಬರೆಯಲು ಹೊರಟು ಮೊದಲ ಸಂಜೆಯೇ ಕೈಬಿಟ್ಟವರು ನನ್ನ ಪರಿಚಯದವರಲ್ಲೇ ಸಾಕಷ್ಟು ಜನ ಇದ್ದಾರೆ. ಅವರಿಗೆ ಕೋಡ್ ಬರುವುದಿಲ್ಲ ಎಂದಲ್ಲ. ಎಲ್ಲರೂ ಎಡವಿದ್ದು ಒಂದೇ ಜಾಗದಲ್ಲಿ. ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಅದು ಆ್ಯಪ್‌ನಲ್ಲಿ ಕಾಣುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವ ಮುಂಚೆಯೇ ಇನ್ನೂರು ಸಾಲು ಬರೆದುಬಿಡುತ್ತಾರೆ. ಆಮೇಲೆ ಏನೂ ಕೆಲಸ ಮಾಡದಿದ್ದಾಗ ತಪ್ಪು ಕೋಡ್‌ನಲ್ಲಿದೆಯೋ, ಫೋಲ್ಡರ್‌ನಲ್ಲಿದೆಯೋ, ಸೆಟ್ಟಿಂಗ್‌ನಲ್ಲಿದೆಯೋ ತಿಳಿಯುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದನ್ನೂ ಹಾರಿಸಬೇಡಿ.

ಉದಾಹರಣೆಗೆ ಒಂದು ಪುಟ್ಟ ಪ್ಲಗಿನ್ ಮಾಡೋಣ: ಆಯ್ಕೆ ಮಾಡಿದ ಪಠ್ಯದಲ್ಲಿರುವ 1, 2, 3ನ್ನು ೧, ೨, ೩ ಆಗಿ ಬದಲಿಸುವುದು. ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ಬರೆದು ಅಭ್ಯಾಸವಿದ್ದರೆ ಸಾಕು. ಫೈಲ್, ಆದೇಶ, ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಫಂಕ್ಷನ್ ಹೆಸರಿನ ಮೊದಲೆರಡು ಅಕ್ಷರ ಹೊಡೆದರೆ ಉಳಿದದ್ದನ್ನು ಎಡಿಟರ್ ತಾನೇ ತೋರಿಸುತ್ತದೆ.

## ಹಂತ 1: ಪರೀಕ್ಷೆಗೆಂದೇ ಬೇರೆ ವಾಲ್ಟ್

ಅಬ್ಸಿಡಿಯನ್‌ನಲ್ಲಿ ವಾಲ್ಟ್ ಎಂದರೆ ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರ್, ನೋಟ್ ಎಂದರೆ ಅದರೊಳಗಿನ ಒಂದು ಮಾರ್ಕ್‌ಡೌನ್ ಫೈಲ್. ಪ್ಲಗಿನ್‌ಗೆ ಆ ಎಲ್ಲ ಫೈಲುಗಳನ್ನು ಓದುವ, ಬದಲಿಸುವ, ಅಳಿಸುವ ಅಧಿಕಾರ ಇರುತ್ತದೆ. ಹಾಗಾಗಿ ನಿತ್ಯ ಬಳಸುವ ವಾಲ್ಟ್‌ನಲ್ಲಿ ಪ್ರಯೋಗ ಬೇಡ. ನಾನು ಮಾಡಿ ನೋಡಿದ್ದೇನೆ. ಅಂಕಿ ಬದಲಿಸುವ ಕೋಡನ್ನು ಇಡೀ ವಾಲ್ಟ್ ಮೇಲೆ ಓಡಿಸಿದ ದಿನ ದಿನಚರಿಯ ನೋಟ್‌ಗಳಿಗೆ ಕೊಟ್ಟಿದ್ದ ಕೊಂಡಿಗಳೆಲ್ಲ ಕಡಿದುಹೋದವು. ಫೈಲಿನ ಹೆಸರು 2024 ಎಂದಿತ್ತು, ಕೊಂಡಿ ೨೦೨೪ ಎಂದು ಹುಡುಕುತ್ತಿತ್ತು. ಹಿಂದಿನ ದಿನದ ಬ್ಯಾಕಪ್ ಇದ್ದದ್ದರಿಂದ ಉಳಿದುಕೊಂಡೆ.

ಹೊಸ ವಾಲ್ಟ್ ತೆರೆದು ಐದಾರು ನೋಟ್ ಹಾಕಿ. ಒಂದರಲ್ಲಿ ಕ್ರಮಸಂಖ್ಯೆಯ ಪಟ್ಟಿ ಇರಲಿ, ಒಂದರಲ್ಲಿ ಕೊಂಡಿಗಳು, ಒಂದರಲ್ಲಿ ಮೇಲ್ಭಾಗದ ಪ್ರಾಪರ್ಟಿಗಳು (ದಿನಾಂಕದಂಥ ವಿವರಗಳು), ಇನ್ನೊಂದರಲ್ಲಿ ಬರೀ ಕನ್ನಡ ಗದ್ಯ.

ಈ ವಾಲ್ಟನ್ನು ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಐಕ್ಲೌಡ್ ಫೋಲ್ಡರ್‌ಗಳ ಒಳಗೆ ಇಡಬೇಡಿ. ಮುಂದೆ ಇದರೊಳಗೆ ನೋಡ್‌ಮಾಡ್ಯೂಲ್ಸ್ ಎಂಬ ಫೋಲ್ಡರ್ ಹುಟ್ಟುತ್ತದೆ, ಅದರಲ್ಲಿ ಸಾವಿರಗಟ್ಟಲೆ ಸಣ್ಣ ಫೈಲುಗಳಿರುತ್ತವೆ. ಸಿಂಕ್ ಸೇವೆ ಅವನ್ನೆಲ್ಲ ಮೇಲಕ್ಕೆ ಕಳಿಸುತ್ತ ಕೂರುತ್ತದೆ, ನಡುನಡುವೆ ಫೈಲುಗಳನ್ನು ಲಾಕ್ ಮಾಡಿ ಬಿಲ್ಡ್ (ನೀವು ಬರೆದ ಕೋಡನ್ನು ಆ್ಯಪ್ ಓದುವ ಫೈಲಾಗಿ ಮಾಡುವ ಕೆಲಸ) ಕೆಡಿಸುತ್ತದೆ.

## ಹಂತ 2: ಮೂರೇ ಸಲಕರಣೆ

ನೋಡ್ ಜೆಎಸ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವುದು), ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವುದು) ಮತ್ತು ಒಂದು ಕೋಡ್ ಎಡಿಟರ್ ಬೇಕು. ನೋಡ್‌ನಲ್ಲಿ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವಂಥದು) ಎಂದು ಗುರುತಿಸಿರುವ ಆವೃತ್ತಿಯನ್ನೇ ಹಾಕಿಕೊಳ್ಳಿ. ಎಡಿಟರ್ ಯಾವುದಾದರೂ ನಡೆದೀತು; ವಿಎಸ್ ಕೋಡ್‌ನಲ್ಲಿ ಟೈಪ್‌ಸ್ಕ್ರಿಪ್ಟ್‌ನ (ಪ್ಲಗಿನ್ ಬರೆಯುವ ಭಾಷೆ, ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ತಪ್ಪುಗಳು ಕೆಂಪು ಗೆರೆಯಾಗಿ ಆಗಿಂದಾಗಲೇ ಕಾಣುವುದು ಹೊಸಬರಿಗೆ ದೊಡ್ಡ ಆಸರೆ.

ಹಾಕಿಕೊಂಡ ಮೇಲೆ ಟರ್ಮಿನಲ್‌ನ ಹೊಸ ಕಿಟಕಿ ತೆರೆಯಿರಿ. ಮೊದಲೇ ತೆರೆದಿದ್ದ ಕಿಟಕಿಗೆ ಹೊಸ ಸಾಫ್ಟ್‌ವೇರ್‌ನ ಸುದ್ದಿ ತಿಳಿದಿರುವುದಿಲ್ಲ. ನೋಡ್, ಅದರ ಜೊತೆಗೇ ಬರುವ ಎನ್‌ಪಿಎಂ (ಪ್ಯಾಕೇಜ್ ತರಿಸುವ ಸಲಕರಣೆ), ಗಿಟ್ ಮೂರರ ಆವೃತ್ತಿಯನ್ನೂ ಕೇಳಿ ನೋಡಿ. ಮೂರೂ ಸಂಖ್ಯೆ ಹೇಳಿದರೆ ಮುಂದಕ್ಕೆ ಹೋಗಬಹುದು.

ವಿಂಡೋಸ್‌ನಲ್ಲಿ ಪವರ್‌ಶೆಲ್ ಬಳಸುವವರಿಗೆ ‘ಸ್ಕ್ರಿಪ್ಟ್ ಓಡಿಸುವುದನ್ನು ಈ ಸಿಸ್ಟಂನಲ್ಲಿ ನಿಷೇಧಿಸಲಾಗಿದೆ’ ಎಂಬರ್ಥದ ಕೆಂಪು ಸಂದೇಶ ಬರುವುದುಂಟು. ನೋಡ್ ಕೆಟ್ಟಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಅದೇ ಆದೇಶ ಕೊಡಿ, ನಡೆಯುತ್ತದೆ.

## ಹಂತ 3: ಮಾದರಿ ಪ್ಲಗಿನ್ ತಂದು ಸರಿಯಾದ ಜಾಗದಲ್ಲಿಡುವುದು

ಅಬ್ಸಿಡಿಯನ್ ತಂಡವೇ ಗಿಟ್‌ಹಬ್‌ನಲ್ಲಿ ಒಂದು ಮಾದರಿ ಪ್ಲಗಿನ್ ಇಟ್ಟಿದೆ. ಅದರ ಹೆಸರು ಅಬ್ಸಿಡಿಯನ್-ಸ್ಯಾಂಪಲ್-ಪ್ಲಗಿನ್. ಅದನ್ನು ಫೋರ್ಕ್ (ಇತಿಹಾಸ ಸಮೇತ ನಕಲು) ಮಾಡಬೇಡಿ. ‘ಯೂಸ್ ದಿಸ್ ಟೆಂಪ್ಲೇಟ್’ ಗುಂಡಿ ಒತ್ತಿ ನಿಮ್ಮ ಖಾತೆಯಲ್ಲಿ ಹೊಸ ರೆಪೊ (ಕೋಡ್ ಇಡುವ ಕಣಜ) ಮಾಡಿಕೊಳ್ಳಿ. ಹಳೆಯ ಕಮಿಟ್‌ಗಳ ಹೊರೆ ಇಲ್ಲದೆ ಶುಚಿಯಾಗಿ ಶುರುವಾಗುತ್ತದೆ.

ಈಗ ಕ್ಲೋನ್ ಮಾಡಬೇಕಾದ, ಅಂದರೆ ರೆಪೊವನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಬೇಕಾದ ಜಾಗ. ಪರೀಕ್ಷೆಯ ವಾಲ್ಟ್‌ನ ಒಳಗೆ ಚುಕ್ಕಿಯಿಂದ ಶುರುವಾಗುವ ‘.ಅಬ್ಸಿಡಿಯನ್’ ಫೋಲ್ಡರ್ ಇದೆ, ಅದರೊಳಗೆ ‘ಪ್ಲಗಿನ್ಸ್’, ಅದರೊಳಗೆ ನಿಮ್ಮ ರೆಪೊ. ‘ಪ್ಲಗಿನ್ಸ್’ ಇಲ್ಲದಿದ್ದರೆ ನೀವೇ ಮಾಡಿ. ಚುಕ್ಕಿ ಫೋಲ್ಡರ್ ಮರೆಯಲ್ಲಿರಬಹುದು: ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು ಚುಕ್ಕಿ ಒಟ್ಟಿಗೆ ಒತ್ತಿದರೆ ಕಾಣುತ್ತದೆ, ವಿಂಡೋಸ್‌ನಲ್ಲಿ ಮರೆಯಾದ ಫೈಲ್ ತೋರಿಸುವ ಆಯ್ಕೆ ಆನ್ ಮಾಡಿ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಪದೇಪದೇ ಆಗುತ್ತದೆ. ಜಿಪ್ ಇಳಿಸಿ ಬಿಡಿಸಿದಾಗ ಒಂದೇ ಹೆಸರಿನ ಫೋಲ್ಡರ್ ಒಳಗೆ ಮತ್ತೊಂದು ಅದೇ ಹೆಸರಿನ ಫೋಲ್ಡರ್ ಕೂತಿರುತ್ತದೆ. ಮ್ಯಾನಿಫೆಸ್ಟ್.ಜೇಸನ್ ಫೈಲ್ ‘ಪ್ಲಗಿನ್ಸ್’ನಿಂದ ಒಂದೇ ಮೆಟ್ಟಿಲು ಕೆಳಗಿರಬೇಕು. ಎರಡು ಮೆಟ್ಟಿಲು ಕೆಳಗಿದ್ದರೆ ಅಬ್ಸಿಡಿಯನ್ ಅದನ್ನು ನೋಡುವುದೇ ಇಲ್ಲ, ತಪ್ಪು ಎಂದೂ ಹೇಳುವುದಿಲ್ಲ.

## ಹಂತ 4: ಮ್ಯಾನಿಫೆಸ್ಟ್ ತುಂಬುವುದು

ಮ್ಯಾನಿಫೆಸ್ಟ್ ಎಂದರೆ ಪ್ಲಗಿನ್‌ನ ಗುರುತಿನ ಚೀಟಿ. ಅದರಲ್ಲಿರುವ ಐಡಿಯನ್ನು ಬದಲಿಸಿ: ಇಂಗ್ಲಿಷ್‌ನ ಸಣ್ಣಕ್ಷರ, ಪದಗಳ ನಡುವೆ ಅಡ್ಡಗೆರೆ, ‘ಕನ್ನಡ-ಅಂಕಿ’ ಎಂಬಂತೆ. ಐಡಿಯಲ್ಲಿ ಅಬ್ಸಿಡಿಯನ್ ಎಂಬ ಪದ ಇರಕೂಡದು. ಫೋಲ್ಡರ್‌ಗೂ ಅದೇ ಹೆಸರಿಡಿ. ಒಮ್ಮೆ ಪ್ರಕಟಿಸಿದ ಮೇಲೆ ಐಡಿ ಬದಲಿಸಲಾಗದು, ಈಗಲೇ ಯೋಚಿಸಿ ಇಡಿ.

ಜೇಸನ್ ಬಲು ಕಟ್ಟುನಿಟ್ಟು. ಕೊನೆಯ ಸಾಲಿನ ನಂತರ ಒಂದು ಅಲ್ಪವಿರಾಮ ಉಳಿದರೂ ಇಡೀ ಫೈಲ್ ಅಮಾನ್ಯವಾಗಿ ಪ್ಲಗಿನ್ ಪಟ್ಟಿಯಿಂದಲೇ ಮಾಯವಾಗುತ್ತದೆ. ಈ ಫೈಲನ್ನು ಮುಟ್ಟಿದಾಗಲೆಲ್ಲ ಅಬ್ಸಿಡಿಯನ್ ಮುಚ್ಚಿ ತೆರೆಯಬೇಕು. ಪ್ಲಗಿನ್ ಆಫ್-ಆನ್ ಮಾಡಿದರೆ ಸಾಲದು.

## ಹಂತ 5: ಬಿಲ್ಡ್, ಆನ್, ಮತ್ತು ಒಂದು ಸಾಲಿನ ಪರೀಕ್ಷೆ

ಇಡೀ ಮಾರ್ಗದರ್ಶಿಯಲ್ಲಿ ನೀವು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ.

ಟರ್ಮಿನಲ್‌ನಲ್ಲಿ ಪ್ಲಗಿನ್ ಫೋಲ್ಡರ್ ಒಳಗೆ ಹೋಗಿ ‘ಎನ್‌ಪಿಎಂ ಇನ್‌ಸ್ಟಾಲ್’ ಕೊಡಿ. ಪ್ಯಾಕೇಜ್.ಜೇಸನ್ ಸಿಗಲಿಲ್ಲ ಎಂದರೆ ನೀವು ಬೇರೆ ಫೋಲ್ಡರ್‌ನಲ್ಲಿ ನಿಂತಿದ್ದೀರಿ ಎಂದೇ ಅರ್ಥ. ಇನ್‌ಸ್ಟಾಲ್ ಮುಗಿದ ಮೇಲೆ ‘ಎನ್‌ಪಿಎಂ ರನ್ ಡೆವ್’. ಈ ಆದೇಶ ಮುಗಿಯುವುದಿಲ್ಲ, ಹಾಗೇ ನಿಂತಿರುತ್ತದೆ. ಕೆಟ್ಟಿತೆಂದು ಮುಚ್ಚಬೇಡಿ. ಅದು ನಿಮ್ಮ ಫೈಲುಗಳನ್ನು ಕಾಯುತ್ತಿದೆ. ನೀವು ಉಳಿಸಿದಾಗಲೆಲ್ಲ ಮೇನ್.ಟಿಎಸ್‌ನಿಂದ ಮೇನ್.ಜೆಎಸ್ ತಯಾರಾಗುತ್ತದೆ. ಅಬ್ಸಿಡಿಯನ್ ಓದುವುದು ಆ ಮೇನ್.ಜೆಎಸ್ ಒಂದನ್ನೇ. ನೀವು ಅದನ್ನು ಕೈಯಿಂದ ತಿದ್ದಿದರೆ ಮುಂದಿನ ಬಿಲ್ಡ್‌ನಲ್ಲಿ ಅಳಿಸಿಹೋಗುತ್ತದೆ. ಮೂಲ ಮೇನ್.ಟಿಎಸ್ ಮಾದರಿಯ ಆವೃತ್ತಿಗೆ ತಕ್ಕಂತೆ ಹೊರಗೇ ಇರಬಹುದು, ಎಸ್‌ಆರ್‌ಸಿ ಫೋಲ್ಡರ್ ಒಳಗಿರಬಹುದು.

ಅಬ್ಸಿಡಿಯನ್‌ನ ಸೆಟ್ಟಿಂಗ್ಸ್‌ನಲ್ಲಿ ಕಮ್ಯುನಿಟಿ ಪ್ಲಗಿನ್ಸ್‌ಗೆ ಹೋಗಿ ನಿರ್ಬಂಧಿತ ಮೋಡ್ ಆಫ್ ಮಾಡಿ. ಪಟ್ಟಿಯಲ್ಲಿ ನಿಮ್ಮ ಪ್ಲಗಿನ್ ಇರುತ್ತದೆ, ಆನ್ ಮಾಡಿ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ದೋಷ ಹಂತ 3 ಅಥವಾ 4ರಲ್ಲಿದೆ. ಹೆಸರಿದ್ದು, ಆನ್ ಮಾಡಿದಾಗ ಲೋಡ್ ಆಗಲಿಲ್ಲ ಎಂದು ಬಂದರೆ ಬಹುತೇಕ ಮೇನ್.ಜೆಎಸ್ ತಯಾರೇ ಆಗಿಲ್ಲ. ಈ ಎರಡು ಲಕ್ಷಣಗಳನ್ನು ಬೇರೆ ಬೇರೆಯಾಗಿ ನೆನಪಿಡಿ, ಗಂಟೆಗಟ್ಟಲೆ ಹುಡುಕಾಟ ಉಳಿಯುತ್ತದೆ.

ಆನ್ ಆದರೆ ಎಡಪಟ್ಟಿಯಲ್ಲಿ ದಾಳದ ಚಿಹ್ನೆ ಬರುತ್ತದೆ. ಒತ್ತಿದರೆ ಮೂಲೆಯಲ್ಲಿ ಒಂದು ಪುಟ್ಟ ಸಂದೇಶ. ಈಗ ಕೋಡ್‌ನಲ್ಲಿ ಆ ಸಂದೇಶದ ಪಠ್ಯವನ್ನು ‘ನಮಸ್ಕಾರ’ ಎಂದು ಬದಲಿಸಿ ಉಳಿಸಿ. ಪ್ಲಗಿನ್ ಆಫ್ ಮಾಡಿ ಮತ್ತೆ ಆನ್ ಮಾಡಿ. ದಾಳ ಒತ್ತಿ. ನಮಸ್ಕಾರ ಬಂತೇ? ಬಂದರೆ ತಿದ್ದು, ಬಿಲ್ಡ್, ಮರುಲೋಡ್, ನೋಡು ಎಂಬ ನಾಲ್ಕೂ ಸರಿಯಾಗಿವೆ. ಬರದಿದ್ದರೆ ಮುಂದೆ ಒಂದು ಸಾಲೂ ಬರೆಯಬೇಡಿ. ಟರ್ಮಿನಲ್‌ನಲ್ಲಿ ಕೆಂಪು ಅಕ್ಷರ ಇದೆಯೇ, ಮೇನ್.ಜೆಎಸ್ ಫೈಲಿನ ಸಮಯ ಈಗಿನದೇ ಎಂದು ನೋಡಿ. ಸಮಯ ಹಳೆಯದಾದರೆ ಬಿಲ್ಡ್ ನಡೆದಿಲ್ಲ; ಹೊಸದಾಗಿದ್ದರೆ ಆ್ಯಪ್ ಬೇರೆ ವಾಲ್ಟ್ ತೆರೆದಿದೆ ಅಥವಾ ಮರುಲೋಡ್ ಆಗಿಲ್ಲ.

ಪ್ರತಿ ಸಲ ಆಫ್-ಆನ್ ಬೇಸರವಾದರೆ ಹಾಟ್ ರೀಲೋಡ್ ಎಂಬ ಪ್ಲಗಿನ್ ಇದೆ. ನಿಮ್ಮ ಪ್ಲಗಿನ್ ಫೋಲ್ಡರ್‌ನಲ್ಲಿ ಗಿಟ್ ಇದ್ದರೆ ಮೇನ್.ಜೆಎಸ್ ಬದಲಾದ ಕೂಡಲೇ ಅದು ತಾನೇ ಮರುಲೋಡ್ ಮಾಡುತ್ತದೆ. ಡೆವಲಪರ್ ಕನ್ಸೋಲ್ ತೆರೆಯುವುದನ್ನೂ ಈಗಲೇ ರೂಢಿ ಮಾಡಿಕೊಳ್ಳಿ: ಕಂಟ್ರೋಲ್, ಶಿಫ್ಟ್, ಐ, ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಐ. ಪ್ಲಗಿನ್ ಸದ್ದಿಲ್ಲದೆ ಸತ್ತಿದ್ದರೆ ಕಾರಣ ಅಲ್ಲಿ ಬರೆದಿರುತ್ತದೆ.

## ಹಂತ 6: ಮಾದರಿಯನ್ನು ಬರಿದು ಮಾಡಿ, ಒಂದೇ ಕಮಾಂಡ್ ಬರೆಯಿರಿ

ದಾಳ, ಸ್ಟೇಟಸ್ ಬಾರ್, ಮೋಡಲ್, ಸೆಟ್ಟಿಂಗ್ಸ್ ಪುಟ ಎಲ್ಲವನ್ನೂ ತೆಗೆಯಿರಿ. ‘ಮೈಪ್ಲಗಿನ್’ ಎಂಬ ಕ್ಲಾಸ್ ಹೆಸರನ್ನೂ ಬದಲಿಸಿ. ಉಳಿಯಬೇಕಾದದ್ದು ಆನ್‌ಲೋಡ್ ಮತ್ತು ಆನ್‌ಅನ್‌ಲೋಡ್. ಸೆಟ್ಟಿಂಗ್ಸ್ ಪುಟದ ಅಂದಚಂದದಿಂದ ಶುರುಮಾಡುವವರಿದ್ದಾರೆ. ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ.

ಆನ್‌ಲೋಡ್ ಒಳಗೆ ‘ಆಡ್‌ಕಮಾಂಡ್’ ಕರೆಯಿರಿ. ಅದಕ್ಕೆ ಒಂದು ಐಡಿ, ಒಂದು ಹೆಸರು, ಮತ್ತು ‘ಎಡಿಟರ್‌ಕಾಲ್‌ಬ್ಯಾಕ್’ ಕೊಡಬೇಕು. ಹೆಸರು ಕನ್ನಡದಲ್ಲೇ ಇರಬಹುದು. ಐಡಿಯಲ್ಲಿ ಪ್ಲಗಿನ್‌ನ ಹೆಸರು ಸೇರಿಸಬೇಡಿ, ಅಬ್ಸಿಡಿಯನ್ ಅದನ್ನು ತಾನೇ ಮುಂದೆ ಅಂಟಿಸುತ್ತದೆ. ಹಾಟ್‌ಕೀಯನ್ನೂ ನೀವಾಗಿ ಕಟ್ಟಬೇಡಿ. ಬಳಸುವವರ ಇನ್ನೊಂದು ಕೀ ಜೊತೆ ಡಿಕ್ಕಿ ಹೊಡೆಯುತ್ತದೆ.

ಕಾಲ್‌ಬ್ಯಾಕ್ ಒಳಗಿನ ಕೆಲಸ ಮೂರು ಸಾಲಿನದು. ಎಡಿಟರ್‌ನ ‘ಗೆಟ್‌ಸೆಲೆಕ್ಷನ್’ನಿಂದ ಆಯ್ದ ಪಠ್ಯ ತೆಗೆದುಕೊಳ್ಳಿ, ಅಂಕಿ ಬದಲಿಸಿ, ‘ರಿಪ್ಲೇಸ್‌ಸೆಲೆಕ್ಷನ್’ನಿಂದ ವಾಪಸ್ ಇಡಿ. ಬದಲಿಸುವ ಲೆಕ್ಕ ಹೀಗೆ: ಯೂನಿಕೋಡ್‌ನಲ್ಲಿ 0ಯಿಂದ 9ರವರೆಗಿನ ಅಂಕಿಗಳ ಸಂಖ್ಯೆ 48ರಿಂದ 57, ೦ಯಿಂದ ೯ರವರೆಗಿನದು 3302ರಿಂದ 3311. ಅಂತರ ಎಲ್ಲಕ್ಕೂ 3254. ಪ್ರತಿ ಅಂಕಿಯ ಸಂಖ್ಯೆಗೆ 3254 ಕೂಡಿ ಮತ್ತೆ ಅಕ್ಷರ ಮಾಡಿದರೆ ಮುಗಿಯಿತು.

‘1956ರ ನವೆಂಬರ್ 1’ ಎಂದು ಬರೆದು ಆಯ್ಕೆ ಮಾಡಿ. ಕಂಟ್ರೋಲ್ ಮತ್ತು ಪಿ ಒತ್ತಿ ಕಮಾಂಡ್ ಓಡಿಸಿ. ‘೧೯೫೬ರ ನವೆಂಬರ್ ೧’ ಬರಬೇಕು. ‘೧956ರ ನವೆಂಬರ್ 1’ ಬಂದರೆ ರೆಜೆಕ್ಸ್‌ನ (ಪಠ್ಯ ಹುಡುಕುವ ಮಾದರಿಸೂತ್ರ) ಕೊನೆಗೆ ಜಿ ಗುರುತು ಹಾಕಲು ಮರೆತಿದ್ದೀರಿ. ಮೊದಲು ಸಿಕ್ಕ ಒಂದನ್ನೇ ಬದಲಿಸಿ ನಿಂತಿದೆ. ಕಮಾಂಡ್ ಪಟ್ಟಿಯಲ್ಲೇ ಕಾಣದಿದ್ದರೆ ಗಾಬರಿ ಬೇಡ. ಎಡಿಟರ್‌ಕಾಲ್‌ಬ್ಯಾಕ್ ಇರುವ ಕಮಾಂಡ್ ನೋಟ್ ತೆರೆದು ಬರೆಯುವ ಮೋಡ್‌ನಲ್ಲಿ ಇದ್ದಾಗ ಮಾತ್ರ ಕಾಣುತ್ತದೆ.

## ಹಂತ 7: ಕನ್ನಡ ಪಠ್ಯ ಮುಟ್ಟುವಾಗ ಎಡವುವ ಕಡೆಗಳು

ಇಂಗ್ಲಿಷ್ ಪಠ್ಯ ಮನಸ್ಸಿನಲ್ಲಿಟ್ಟು ಬರೆದ ಕೋಡ್ ತುಣುಕುಗಳನ್ನು ತಂದು ಕನ್ನಡ ನೋಟ್ ಮೇಲೆ ಓಡಿಸಿದರೆ ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಅದೇ ಹೆಚ್ಚು ಅಪಾಯ.

ಮೊದಲು ನಮ್ಮ ಅಂಕಿ ಪ್ಲಗಿನ್. ಮಾರ್ಕ್‌ಡೌನ್‌ನ ಕ್ರಮಸಂಖ್ಯೆಯ ಪಟ್ಟಿ 0-9 ಅಂಕಿಗಳನ್ನು ಮಾತ್ರ ಗುರುತಿಸುತ್ತದೆ. ‘1.’ ಇದ್ದದ್ದು ‘೧.’ ಆದರೆ ಪಟ್ಟಿ ಸಾಮಾನ್ಯ ಸಾಲಾಗಿಬಿಡುತ್ತದೆ. ಜೋಡಿ ಚೌಕಾವರಣದ ಕೊಂಡಿಯೊಳಗಿನ ಅಂಕಿ, ವೆಬ್ ವಿಳಾಸದ ಅಂಕಿ, ಕೋಡ್ ತುಣುಕಿನ ಅಂಕಿ ಇವನ್ನೂ ಮುಟ್ಟುವಂತಿಲ್ಲ. ಪ್ರಾಪರ್ಟಿಗಳ ದಿನಾಂಕ ಬದಲಾದರೆ ಅದು ದಿನಾಂಕವಾಗಿಯೇ ಉಳಿಯುವುದಿಲ್ಲ.

ಇದಕ್ಕೆ ಸುಲಭ ದಾರಿ: ಒಂದೇ ರೆಜೆಕ್ಸ್‌ನಲ್ಲಿ ಕಾಪಾಡಬೇಕಾದ ರೂಪಗಳನ್ನು ಮೊದಲು ಬರೆದು, ‘ಅಥವಾ’ ಗೆರೆ ಹಾಕಿ, ಬಿಡಿ ಅಂಕಿಯನ್ನು ಕೊನೆಗೆ ಇಡಿ. ರೆಜೆಕ್ಸ್ ಎಡದಿಂದ ಪ್ರಯತ್ನಿಸುವುದರಿಂದ ಕೊಂಡಿ ಸಿಕ್ಕರೆ ಇಡೀ ಕೊಂಡಿಯನ್ನು ಒಂದೇ ತುಂಡಾಗಿ ಹಿಡಿಯುತ್ತದೆ. ಬದಲಿಸುವ ಫಂಕ್ಷನ್‌ನಲ್ಲಿ ‘ಸಿಕ್ಕಿದ್ದು ಒಂಟಿ ಅಂಕಿಯಾದರೆ ಬದಲಿಸು, ಇಲ್ಲವಾದರೆ ಇದ್ದಂತೇ ಹಿಂತಿರುಗಿಸು’ ಎಂದಿರಲಿ. ಸಾಲಿನ ಆರಂಭದ ‘1.’ ಹಿಡಿಯಲು ಎಂ ಗುರುತು ಬೇಕು, ಇಲ್ಲದಿದ್ದರೆ ಮೊದಲ ಸಾಲು ಮಾತ್ರ ಉಳಿದು ಪಟ್ಟಿಯ ಮಿಕ್ಕ ಸಾಲುಗಳು ಕೆಡುತ್ತವೆ. ಪ್ರಾಪರ್ಟಿಗಳಿಗೆ ಈ ಉಪಾಯ ಸಾಲದು, ಆ ಭಾಗವನ್ನು ಆಯ್ಕೆಯಿಂದಲೇ ಹೊರಗಿಡಿ.

ತಿರುಗುಮುರುಗು ಕಮಾಂಡ್ (೧ನ್ನು 1 ಮಾಡುವುದು) ಬರೆಯುವಾಗ ಜಾವಾಸ್ಕ್ರಿಪ್ಟ್‌ನ ‘\ಡಿ’ ಕನ್ನಡ ಅಂಕಿಯನ್ನು ಗುರುತಿಸುವುದಿಲ್ಲ ಎಂಬುದು ನೆನಪಿರಲಿ. ಚೌಕಾವರಣದಲ್ಲಿ ೦-೯ ಎಂದೇ ಬರೆಯಿರಿ.

ಮುಂದೆ ಪದ ಎಣಿಸುವ ಪ್ಲಗಿನ್ ಮಾಡಹೊರಟರೆ ಇನ್ನೂ ಹುಷಾರು. ‘\ಡಬ್ಲ್ಯು’ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನೇ ಬಲ್ಲದು. ಕನ್ನಡ ನೋಟ್‌ನಲ್ಲಿ ಎಣಿಕೆ ಸೊನ್ನೆ ಬರುತ್ತದೆ. ಯು ಗುರುತು ಹಾಕಿ ಯೂನಿಕೋಡ್‌ನ ‘ಅಕ್ಷರ’ ವರ್ಗ ಬಳಸಿದರೆ ‘ಕನ್ನಡ’ ಎಂಬ ಒಂದು ಪದ ‘ಕನ’, ‘ನಡ’ ಎಂದು ಎರಡಾಗುತ್ತದೆ. ನಡುವೆ ಒತ್ತಕ್ಷರ ಮಾಡುವ ಹಲಂತ (್) ‘ಅಕ್ಷರ’ವಲ್ಲ, ‘ಗುರುತು’ ಎಂಬ ಬೇರೆ ವರ್ಗ. ಎರಡನ್ನೂ ಸೇರಿಸಿದರೂ ‘ಸಾಫ್ಟ್‌ವೇರ್’ ಎರಡಾಗಿಯೇ ಎಣಿಕೆಯಾಗುತ್ತದೆ, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣದ ಒಂದು ಶೂನ್ಯ ಅಗಲದ ಸಂಕೇತ ಕೂತಿದೆ. ಅದನ್ನೂ ಪಟ್ಟಿಗೆ ಸೇರಿಸಬೇಕು. ಬರೀ ಪದಸಂಖ್ಯೆ ಸಾಕೆಂದರೆ ಖಾಲಿ ಜಾಗದಲ್ಲಿ ಒಡೆದು ಎಣಿಸಿ, ತೊಂದರೆ ಇಲ್ಲ.

ಉದ್ದದ ವಿಷಯವೂ ಹಾಗೇ. ‘ಸ್ತ್ರೀ’ ನಮಗೆ ಒಂದಕ್ಷರ, ‘ಲೆಂತ್’ ಕೇಳಿದರೆ 6 ಎನ್ನುತ್ತದೆ. ಶೀರ್ಷಿಕೆಯನ್ನು ಇಷ್ಟು ಅಕ್ಷರಕ್ಕೆ ಕತ್ತರಿಸು ಎಂದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ. ಖಾಲಿ ಜಾಗ ಇರುವಲ್ಲೇ ಕತ್ತರಿಸುವುದು ಕ್ಷೇಮ.

## ಹಂತ 8: ಹಿಂದೆ ಏನೂ ಉಳಿಸದೆ ಹೊರಡುವುದು

ಪ್ಲಗಿನ್ ಆಫ್ ಮಾಡಿದ ಮೇಲೆ ಅದರ ಕುರುಹೂ ಇರಬಾರದು. ‘ಆಡ್‌ಕಮಾಂಡ್’ ಮೂಲಕ ಸೇರಿಸಿದ್ದನ್ನು ಅಬ್ಸಿಡಿಯನ್ ತಾನೇ ತೆಗೆಯುತ್ತದೆ. ಈವೆಂಟ್ ಆಲಿಸುವುದಿದ್ದರೆ ‘ರಿಜಿಸ್ಟರ್‌ಈವೆಂಟ್’, ಟೈಮರ್‌ಗೆ ‘ರಿಜಿಸ್ಟರ್‌ಇಂಟರ್‌ವಲ್’, ಪುಟದ ಕ್ಲಿಕ್‌ಗಳಿಗೆ ‘ರಿಜಿಸ್ಟರ್‌ಡಾಮ್‌ಈವೆಂಟ್’ ಬಳಸಿ. ಇವನ್ನು ಬಿಟ್ಟು ನೇರವಾಗಿ ಟೈಮರ್ ಹಾಕಿದರೆ ಐದು ಸಲ ಮರುಲೋಡ್ ಆದ ಮೇಲೆ ಹಿನ್ನೆಲೆಯಲ್ಲಿ ಐದಕ್ಕೂ ಹೆಚ್ಚು ಟೈಮರ್ ಓಡುತ್ತಿರುತ್ತವೆ. ಒಂದೇ ಸಂದೇಶ ಎರಡೆರಡು ಸಲ ಬರತೊಡಗಿದರೆ ಇದೇ ಕಾರಣ ಎಂದು ತಿಳಿಯಿರಿ.

ತೆರೆದಿರುವ ನೋಟನ್ನು ಎಡಿಟರ್ ಮೂಲಕವೇ ತಿದ್ದಿ, ಕರ್ಸರ್ ಇದ್ದಲ್ಲೇ ಇರುತ್ತದೆ. ತೆರೆದಿಲ್ಲದ ಫೈಲಿಗೆ ವಾಲ್ಟ್‌ನ ‘ಪ್ರೊಸೆಸ್’ ಬಳಸಿ. ಓದಿ, ಕಾದು, ಆಮೇಲೆ ಬೇರೆಯಾಗಿ ಬರೆದರೆ ಆ ನಡುವೆ ಫೈಲಿನಲ್ಲಿ ಆದ ಬದಲಾವಣೆ ಅಳಿದುಹೋಗಬಹುದು. ನೋಟ್‌ನ ಪಠ್ಯವನ್ನು ‘ಇನ್ನರ್‌ಎಚ್‌ಟಿಎಂಎಲ್’ಗೆ ತುಂಬಿ ತೋರಿಸುವುದಂತೂ ಬೇಡವೇ ಬೇಡ, ನೋಟ್‌ನಲ್ಲಿ ಅಡಗಿದ ಸ್ಕ್ರಿಪ್ಟ್ ಓಡಲು ಬಾಗಿಲು ತೆರೆದಂತಾಗುತ್ತದೆ.

## ಹಂತ 9: ಸೆಟ್ಟಿಂಗ್ಸ್, ಮೊಬೈಲ್

ಆಯ್ಕೆಗಳನ್ನು ಉಳಿಸಲು ‘ಸೇವ್‌ಡೇಟಾ’, ಓದಲು ‘ಲೋಡ್‌ಡೇಟಾ’. ಮೊದಲ ಸಲ ಓದಿದಾಗ ಏನೂ ಇರುವುದಿಲ್ಲ, ‘ನಲ್’ ಬರುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆದು ಸ್ನೇಹಿತರ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಬಿದ್ದುಹೋಗುವ ಪ್ಲಗಿನ್‌ಗಳಿಗೆ ಅನೇಕ ಸಲ ಇದೇ ಕಾರಣ. ಮೊದಲೇ ಗೊತ್ತುಮಾಡಿದ ಬೆಲೆಗಳ ಮೇಲೆ ಉಳಿಸಿದ್ದನ್ನು ಹೊದಿಸಿ. ಪರೀಕ್ಷಿಸಲು ಪ್ಲಗಿನ್ ಫೋಲ್ಡರ್‌ನ ಡೇಟಾ.ಜೇಸನ್ ಅಳಿಸಿ ಮತ್ತೆ ಆನ್ ಮಾಡಿ ನೋಡಿ.

ಫೋನಿನಲ್ಲಿ ನೋಡ್ ಇರುವುದಿಲ್ಲ. ಕೋಡ್‌ನಲ್ಲಿ ನೋಡ್‌ನ ಫೈಲ್ ಮಾಡ್ಯೂಲ್‌ಗಳನ್ನು ಬಳಸಿದ್ದರೆ ಅಲ್ಲಿ ಲೋಡ್ ಆಗುವುದಿಲ್ಲ. ಒಂದೋ ಅವನ್ನು ಬಿಡಿ, ಇಲ್ಲವೇ ಮ್ಯಾನಿಫೆಸ್ಟ್‌ನಲ್ಲಿ ಡೆಸ್ಕ್‌ಟಾಪ್‌ಗೆ ಮಾತ್ರ ಎಂದು ಗುರುತು ಮಾಡಿ.

## ಹಂತ 10: ಬಿಡುಗಡೆ

‘ಎನ್‌ಪಿಎಂ ರನ್ ಬಿಲ್ಡ್’ ಕೊಡಿ. ಇದು ಟೈಪ್‌ಗಳನ್ನೂ ಪರೀಕ್ಷಿಸುತ್ತದೆ, ಡೆವ್‌ನಲ್ಲಿ ಸುಮ್ಮನಿದ್ದ ತಪ್ಪುಗಳು ಇಲ್ಲಿ ಹೊರಬರಬಹುದು. ಆಮೇಲೆ ಗಿಟ್‌ಹಬ್‌ನಲ್ಲಿ ಬಿಡುಗಡೆ ಮಾಡಿ. ಟ್ಯಾಗ್ ಮ್ಯಾನಿಫೆಸ್ಟ್‌ನ ಆವೃತ್ತಿಗೆ ತದ್ರೂಪವಾಗಿರಬೇಕು: ಅಲ್ಲಿ 1.0.0 ಇದ್ದರೆ ಇಲ್ಲೂ 1.0.0, ಮುಂದೆ ವಿ ಅಕ್ಷರ ಇರಕೂಡದು. ಮೇನ್.ಜೆಎಸ್, ಮ್ಯಾನಿಫೆಸ್ಟ್.ಜೇಸನ್, ಸ್ಟೈಲ್ಸ್.ಸಿಎಸ್‌ಎಸ್ ಇದ್ದರೆ ಅದು, ಇವನ್ನು ಬಿಡಿಬಿಡಿಯಾಗಿ ಲಗತ್ತಿಸಿ. ಗಿಟ್‌ಹಬ್ ತಾನೇ ಮಾಡಿಕೊಡುವ ಜಿಪ್‌ನಲ್ಲಿ ಮೇನ್.ಜೆಎಸ್ ಇರುವುದಿಲ್ಲ, ಏಕೆಂದರೆ ಮಾದರಿಯ ಗಿಟ್‌ಇಗ್ನೋರ್ ಅದನ್ನು ರೆಪೊದಿಂದ ಹೊರಗಿಟ್ಟಿದೆ. ಅದರ ಮೇಲೆ ನೆಚ್ಚಿಕೊಂಡವರ ಪ್ಲಗಿನ್ ಯಾರ ಬಳಿಯೂ ಲೋಡ್ ಆಗುವುದಿಲ್ಲ.

ಅಧಿಕೃತ ಪಟ್ಟಿಗೆ ಕಳಿಸುವ ಮುಂಚೆ ನಾಲ್ಕು ಜನರ ಕೈಯಲ್ಲಿ ಬಳಸಿ ನೋಡಿಸಿ. ಬ್ರ್ಯಾಟ್ ಎಂಬ ಪ್ಲಗಿನ್ ಹಾಕಿಕೊಂಡವರು ನಿಮ್ಮ ಗಿಟ್‌ಹಬ್ ವಿಳಾಸದಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಕನ್ನಡದಲ್ಲಿ ದಿನವೂ ಬರೆಯುವವರು ಒಬ್ಬರಾದರೂ ಅವರಲ್ಲಿರಲಿ. ನೀವು ಎಣಿಸಿರದ ಸಾಲುಗಳು ಅವರ ನೋಟ್‌ಗಳಲ್ಲಿರುತ್ತವೆ.

ಮುಂದಿನ ಆವೃತ್ತಿಗೆ ಸಂಖ್ಯೆಗಳನ್ನು ಕೈಯಿಂದ ತಿದ್ದಬೇಡಿ. ‘ಎನ್‌ಪಿಎಂ ವರ್ಷನ್ ಪ್ಯಾಚ್’ ಕೊಟ್ಟರೆ ಮಾದರಿಯೊಳಗಿನ ಪುಟ್ಟ ಸ್ಕ್ರಿಪ್ಟ್ ಮ್ಯಾನಿಫೆಸ್ಟ್ ಮತ್ತು ವರ್ಷನ್ಸ್.ಜೇಸನ್ ಎರಡನ್ನೂ ನೋಡಿಕೊಳ್ಳುತ್ತದೆ. ಯಾವ ಪ್ಲಗಿನ್ ಆವೃತ್ತಿಗೆ ಕನಿಷ್ಠ ಯಾವ ಅಬ್ಸಿಡಿಯನ್ ಬೇಕು ಎಂಬುದು ವರ್ಷನ್ಸ್.ಜೇಸನ್‌ನಲ್ಲಿರುತ್ತದೆ. ಆ್ಯಪ್ ಹೊಸದು ಮಾಡಿಕೊಳ್ಳದವರಿಗೆ ಅವರಿಗೆ ಹೊಂದುವ ಹಳೆಯ ಪ್ಲಗಿನ್ ಸಿಗುವುದು ಆ ಫೈಲಿನಿಂದಲೇ.